ಸಭೆಯ ಪರದೇಶಿ

ಈ ಊರಿನ ಗಂಡಸರೆಲ್ಲರ ಎದೆಯ ಸುತ್ತಳತೆ ನನಗೆ ಬಾಯಿಪಾಠ. ಯಾರ ಎಡಭುಜ ಬಲಭುಜಕ್ಕಿಂತ ಇಳಿದಿದೆ, ಯಾರು ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಆಮೇಲೆ ಅಂಗಿ ಬಿಗಿಯಾಯಿತೆಂದು ಜಗಳಕ್ಕೆ ಬರುತ್ತಾರೆ, ಎಲ್ಲ ಗೊತ್ತು. ನನ್ನ ಹೆಸರು ಮಾತ್ರ ಇಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮರೆತಿದ್ದರು ಅಂತಲ್ಲ. ಗೊತ್ತಾಗದ ಹಾಗೆ ಊರಿಗೆ ಊರೇ ಹುಷಾರಾಗಿತ್ತು.

ನಾನು ಬಂದ ಹೊಸತರಲ್ಲಿ ಬಜಾರದಲ್ಲೊಂದು ಅಂಗಡಿ ಹಿಡಿದು, ಹೆಸರು ಬರೆಸಿದ ಬೋರ್ಡನ್ನು ಬಾಗಿಲ ಮೇಲೆ ಏರಿಸುತ್ತಿದ್ದೆ. ಎದುರಿನಿಂದ ನಾಲ್ಕಾರು ಜನ ದೊಡ್ಡವರು ಕಣ್ಣು ಮುಚ್ಚಿಕೊಂಡು, ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ನಡೆದು ಬಂದರು. ಕಣ್ಣಿನ ಆಪರೇಶನ್ ಮುಗಿಸಿ ಒಟ್ಟಿಗೆ ಹೊರಟವರಿರಬೇಕು ಅಂದುಕೊಂಡೆ. ಮುಂದಿದ್ದವರು ಚರ್ಚಿನ ಸಭೆಯ ಹಿರಿಯರಾದ ಎಲೀಷಪ್ಪನವರು. ಇಟ್ಟಿಗೆ ಭಟ್ಟಿಯ ಮಾಲೀಕರು, ಎತ್ತರದ ಆಳು, ನಲವತ್ತೆರಡರ ಎದೆ. “ಮೊದಲ ಆ ಬೋರ್ಡ್ ತಿರುವಿ ಇಡ್ರಿ,” ಅಂದರು. ತಿರುವಿ ಇಟ್ಟೆ. ಆಗ ಕಣ್ಣು ಬಿಟ್ಟು, ನನ್ನ ಮುಖವನ್ನು ಬಿಟ್ಟು ಸುತ್ತಲಿನದನ್ನೆಲ್ಲ ನೋಡುತ್ತ, “ಬರೇ ಟೇಲರ್ ಅಂತ ಬರಸ್ರಿ, ಸಾಕು. ನಿಮ್ಮ ಹೆಸರ ನಮಗ ಹೇಳಬ್ಯಾಡ್ರಿ. ನೀವು ಪರದೇಶಿ ಅದೀರಿ, ಹಂಗ ಇರ್ರಿ. ನಿಮಗೇನೂ ಕಡಿಮಿ ಮಾಡಂಗಿಲ್ಲ,” ಅಂದರು. ಹೊಸ ಬೋರ್ಡಿಗೆ ಬೇಕಾದ ಬಣ್ಣವನ್ನೂ ಅವರೇ ಕಳಿಸಿಕೊಟ್ಟರು.

ಇದಕ್ಕೆಲ್ಲ ಕಾರಣ ಗುಡಿಸಲ ಹಬ್ಬ. ಮಳೆಗಾಲ ಮುಗಿದು ಹುಣ್ಣಿಮೆ ಬಂತೆಂದರೆ ಸಭೆಯವರು, ಅಂದರೆ ಹೆಚ್ಚುಕಡಿಮೆ ಊರವರೆಲ್ಲ, ಮನೆಗೆ ಬೀಗ ಜಡಿದು ಚರ್ಚಿನ ಹಿಂದಿನ ಬಯಲಿನಲ್ಲಿ ಸೊಪ್ಪಿನ ಗುಡಿಸಲು ಕಟ್ಟಿಕೊಂಡು ಏಳು ದಿನ ಅಲ್ಲೇ ಇರುತ್ತಾರೆ. ಬಹಳ ಹಿಂದೆ ದೇವರ ಜನ ಊರಿಲ್ಲದೆ ಮನೆಯಿಲ್ಲದೆ ಮರುಭೂಮಿಯಲ್ಲಿ ಹೀಗೆ ಇದ್ದರಂತೆ; ಅದನ್ನು ಮರೆಯಬಾರದಂತೆ. ಮರೆಯದಿರಲೆಂದು ಈಗಿನವರು ಹಾಸಿಗೆ, ಸ್ಟೌ, ಕುಕ್ಕರು, ಟೇಬಲ್ ಫ್ಯಾನು ಎಲ್ಲ ಹೊತ್ತು ತರುತ್ತಾರೆ. ಎಲೀಷಪ್ಪನವರ ಗುಡಿಸಲಿಗೆ ಒಂದು ಸೋಫಾ ಕೂಡ ಬರುತ್ತಿತ್ತು. ಹಬ್ಬದಲ್ಲಿ ಪರದೇಶಿಯನ್ನು ಜೊತೆಗೆ ಕೂರಿಸಿಕೊಂಡು ಉಣ್ಣಬೇಕೆಂಬುದು ಹಳೆಯ ಕಟ್ಟಳೆ. ಬೇರೆ ಕಡೆ ಇದು ಬರೀ ಕಟ್ಟಳೆಯಾಗಿರಬಹುದು. ಇಲ್ಲಿ ಹಾಗಲ್ಲ. ಗುರುತಿಲ್ಲದವರೊಬ್ಬರು ಒಂದು ಹೊತ್ತು ಕೂತು ಉಂಡ ಗುಡಿಸಲಿನ ಸೊಪ್ಪು ಹಬ್ಬ ಮುಗಿಯುವವರೆಗೆ ಹಸಿರಾಗಿರುತ್ತದೆ. ಒಬ್ಬರಿಗೊಬ್ಬರು ಗುರುತಿದ್ದವರೇ ಕೂತೆದ್ದರೆ ಮೂರನೆಯ ದಿನಕ್ಕೆಲ್ಲ ಮುರುಟಿಕೊಳ್ಳುತ್ತದೆ. ಇನ್ನು ಗುರುತಿಲ್ಲದವನು ಕೂತಲ್ಲೇ ಗುರುತಾಗಿಬಿಟ್ಟರೆ ಆಗಿಂದಾಗಲೇ ಉದುರುತ್ತದೆ. ಉದುರಿದ ಮೇಲೆ ಬರೀ ಬಿದಿರ ಗಳಗಳ ಕೆಳಗೆ ಬಿಸಿಲಿನಲ್ಲಿ ಕೂತು, ಪಕ್ಕದ ಹಸಿರು ಗುಡಿಸಲಿನವರ ಕರುಣೆಯನ್ನು ಸಹಿಸಿಕೊಂಡು ದಿನ ತಳ್ಳುವುದು ಹುಡುಗಾಟವಲ್ಲ. ಅಂಥ ಮನೆಗೆ ಆ ವರ್ಷ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಹಿಂದೆ ಪರದೇಶಿಗಳಿಗೆ ಬರವಿರಲಿಲ್ಲವಂತೆ. ಬಳೆಗಾರರು, ಪಾತ್ರೆಗೆ ಕಲಾಯಿ ಹಾಕುವವರು, ವಿಮೆ ಏಜೆಂಟರು, ಬಸ್ಸು ತಪ್ಪಿಸಿಕೊಂಡವರು ಯಾರಾದರೊಬ್ಬರು ಸಿಗುತ್ತಿದ್ದರು. ಜನಗಣತಿಗೆ ಬಂದವನೊಬ್ಬನನ್ನು ಗುಡಿಸಲಿಂದ ಗುಡಿಸಲಿಗೆ ಎಳೆದಾಡಿ ಉಣಿಸಿ, ಕೊನೆಗೆ ಅವನು ಚರ್ಚಿನ ಗೋಡೆ ಹಾರಿ ಓಡಿಹೋದದ್ದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಊರ ಹೊರಗೆ ಹೊಸ ರಸ್ತೆಯಾಗಿ ಬಸ್ಸುಗಳು ಒಳಗೆ ಬರುವುದು ನಿಂತ ಮೇಲೆ ಅಪರಿಚಿತನೊಬ್ಬ ಸಿಗುವುದೇ ದುಸ್ತರವಾಯಿತು. ಹೀಗಿರುವಾಗ ಹೊಲಿಗೆ ಮಷೀನು ಹೊತ್ತುಕೊಂಡು ನಾನು ಬಂದಿಳಿದೆ. ಇದ್ದೊಬ್ಬ ಪರದೇಶಿಯನ್ನು ಕಾಪಾಡಿಕೊಳ್ಳಲು ಎಲೀಷಪ್ಪನವರ ಅಧ್ಯಕ್ಷತೆಯಲ್ಲಿ ಪರದೇಶಿ ಪಾಲನಾ ಸಮಿತಿ ಎಂದು ಒಂದು ಸಮಿತಿಯೇ ಆಯಿತು.

ಸುಳ್ಳೇಕೆ ಹೇಳಲಿ, ಮೊದಮೊದಲು ನನಗೆ ಇದು ಸ್ವರ್ಗ. ನಮ್ಮೂರಿನಲ್ಲಿ ಬಾವಿಗೆ ಹೋಗಿ ಬರುವಷ್ಟರಲ್ಲಿ ಯಾರ ಪೈಕಿ, ಎಷ್ಟು ದುಡಿಮೆ, ಇನ್ನೂ ಯಾಕೆ ಮದುವೆಯಿಲ್ಲ, ದೋಷ ನಿನ್ನದೋ ಜಾತಕದ್ದೋ ಎಂದು ಜೀವ ಹಿಂಡುತ್ತಿದ್ದರು. ಅದಕ್ಕೆ ಬೇಸತ್ತೇ ಊರು ಬಿಟ್ಟಿದ್ದೆ. ಇಲ್ಲಿ ಗಿರಾಕಿಗಳು ಬಂದು, ಬಟ್ಟೆ ಇಟ್ಟು, ಕೈ ಎತ್ತಿ ನಿಂತು ಅಳತೆ ಕೊಟ್ಟು, “ಬಿಸಲ ಜೋರೈತ್ರಿ” ಎಂದು ಹೋಗುತ್ತಿದ್ದರು. ಮಳೆಗಾಲದಲ್ಲಿ “ಮಳಿ ಜೋರೈತ್ರಿ.” ಶಾಲೆಯ ಹುಡುಗರಿಗೆ ಟೇಲರನನ್ನು ಏನೂ ಕೇಳಬಾರದೆಂದು ಬೈಬಲ್ ಪಾಠಕ್ಕಿಂತ ಮೊದಲು ಕಲಿಸುತ್ತಿದ್ದರು. ಬೀದಿಯಲ್ಲಿ ಎದುರಾದರೆ “ನಮಸ್ಕಾರ್ರಿ ಪರದೇಶಿಯವರ” ಎಂದು ದಾರಿ ಬಿಡುತ್ತಿದ್ದರು. ಹಬ್ಬದಲ್ಲಂತೂ ಬೆಳಗ್ಗೆ ಒಂದು ಗುಡಿಸಲು, ಮಧ್ಯಾಹ್ನ ಒಂದು, ರಾತ್ರಿ ಒಂದು; ಮದುವಣಿಗನಿಗೂ ಅಷ್ಟು ಉಪಚಾರ ನಡೆಯದು.

ಹೋದ ವರ್ಷ ಬೇಸಿಗೆಯಲ್ಲಿ ಜ್ವರ ಬಂದು ಮಲಗಿದೆ. ಊರವರು ನನ್ನನ್ನು ಕೈಬಿಟ್ಟರು ಎನ್ನುವ ಹಾಗಿಲ್ಲ. ಬೆಳಗ್ಗೆ ಯಾರೋ ಬಾಗಿಲಲ್ಲಿ ಗಂಜಿ ಇಟ್ಟು, ಕದ ಬಡಿದು ಓಡಿಹೋಗುತ್ತಿದ್ದರು. ಕಿಟಕಿಯಲ್ಲಿ ಒಂದು ಕೈ ಮಾತ್ರ ಕಾಣಿಸಿ ಕಷಾಯದ ಥರ್ಮಾಸು ಇಳಿಸುತ್ತಿತ್ತು. ಪಾಸ್ಟರ್ ಸಮಾಧಾನಪ್ಪನವರು ರಸ್ತೆಯ ಆಚೆ ದಡದಲ್ಲಿ ನಿಂತು ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು: “ಕರ್ತನೇ, ಆ ಮನುಷ್ಯನನ್ನು ಗುಣಪಡಿಸು. ಅವನು ಯಾರೆಂದು ನಿನಗೆ ಗೊತ್ತು, ನಮಗೆ ಗೊತ್ತಿಲ್ಲ.” ಗಂಜಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳುವವರಿರಲಿಲ್ಲ. ನೀನು ಬದುಕಿದ್ದೀಯಾ ಎಂದೂ ಕೇಳುವವರಿರಲಿಲ್ಲ. ಬಟ್ಟಲು ಖಾಲಿಯಾದದ್ದು ನೋಡಿ ತಿಳಿದುಕೊಳ್ಳುತ್ತಿದ್ದರು.

ಎದ್ದು ಓಡಾಡುವ ಹಾಗಾದ ಮೇಲೆ ಸಮಿತಿಯವರು ನನ್ನನ್ನು ಚರ್ಚಿನ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಬೇಲಿಯ ಅಂಚಿನಲ್ಲಿ, ಒಳ್ಳೆಯ ನೆರಳಿನಲ್ಲಿ, ಒಂದು ಕರಿಕಲ್ಲು ನಿಲ್ಲಿಸಿದ್ದರು. ಮೇಲೆ ಒಂದು ಎಲೆಯ ಚಿತ್ರ, ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಪರದೇಶಿ’. “ಹೆಚ್ಚುಕಡಿಮಿ ಆಗಿದ್ರ ನಾವು ಗಡಬಡಿಸಬಾರದಲ್ರಿ, ಅದಕ್ಕ ಮೊದಲ ಮಾಡ್ಸೇವಿ,” ಅಂದರು ಎಲೀಷಪ್ಪನವರು. ಅವರ ಕಣ್ಣಲ್ಲಿ ನಿಜವಾಗಿಯೂ ಪ್ರೀತಿಯಿತ್ತು. ಕೆತ್ತನೆ ಚೆನ್ನಾಗಿದೆ ಅಂದೆ.

ಅವತ್ತಿನಿಂದ ನನಗೆ ಬೇಕೆನಿಸಿದ್ದು ಒಂದೇ. ಆ ಕಲ್ಲಿನ ಕೆಳಗೆ ಹೋಗುವ ಮುಂಚೆ ಈ ಊರಿನಲ್ಲಿ ಯಾರಾದರೊಬ್ಬರು ನನ್ನನ್ನು ಹೆಸರು ಹಿಡಿದು ಕೂಗಬೇಕು. ಆ ಸಲದ ಹಬ್ಬದಲ್ಲಿ ಏನಾದರಾಗಲಿ ಹೇಳಿಯೇ ಬಿಡುವುದೆಂದು ಹಟ ತೊಟ್ಟೆ.

ಹೇಳುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಸಮಿತಿಯವರು ಇದನ್ನೂ ಯೋಚಿಸಿದ್ದರು. ಎಲೀಷಪ್ಪನವರ ಹೆಂಡತಿ ಸುವಾರ್ತಮ್ಮನವರು ಗಾಯನ ಮಂಡಳಿಯ ಮುಖ್ಯಸ್ಥೆ. ಎತ್ತರದ ದನಿ, ಹಾಡಿದರೆ ಬಯಲಿನ ಆ ತುದಿಯ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಹಾಡುವುದು ಬಿಟ್ಟರೆ ಅವರ ಬಾಯಿಂದ ಮಾತು ಬಂದದ್ದನ್ನು ಕೇಳಿದವರು ಕಡಿಮೆ. ನಾನು ಉಣ್ಣಲು ಕೂತ ಗುಡಿಸಲಿನ ಹೊರಗೆ ಅವರು ನಿಂತಿರಬೇಕು, ನಾನು ನನ್ನ ಬಗ್ಗೆ ಏನಾದರೂ ಎತ್ತಿದರೆ ಕೀರ್ತನೆ ಶುರುಮಾಡಬೇಕು ಎಂದು ಗಂಡ ನೇಮಿಸಿದ್ದರು. ಮೊದಲ ದಿನ ಒಂದು ಗುಡಿಸಲಿನಲ್ಲಿ ರೊಟ್ಟಿ ಮುರಿಯುತ್ತ, “ನಮ್ಮೂರಾಗ…” ಎಂದೆ. ಹೊರಗಿನಿಂದ ಕೀರ್ತನೆ ಮೊಳಗಿತು. ಒಳಗಿನವರು ಗಾಬರಿಯಲ್ಲಿ ತಾವೂ ದನಿಗೂಡಿಸಿ, ಅಷ್ಟೂ ಚರಣ ಹಾಡಿ ಮುಗಿಸಿ, “ಇನ್ನೊಂದ ರೊಟ್ಟಿ ಹಾಕಸ್ಕೋರಿ” ಅಂದರು. ಪಾಸ್ಟರ ಗುಡಿಸಲಿನಲ್ಲಿ, “ಅಯ್ಯಾರ, ನಮ್ಮವ್ವ ನನಗ ಏನಂತ ಕರೀತಿದ್ಲಂದ್ರ…” ಎಂದು ಬಾಯಿ ತೆರೆದದ್ದೇ, ಆಗಲೇ ಊಟದ ಪ್ರಾರ್ಥನೆ ಮುಗಿಸಿದ್ದ ಅವರು ಮತ್ತೆ ಕಣ್ಣು ಮುಚ್ಚಿ ಲೋಕದ ಸಕಲ ರಾಷ್ಟ್ರಗಳಿಗೂ ಪ್ರಾರ್ಥಿಸಲು ಕೂತರು. ಕಣ್ಣು ಬಿಡುವಷ್ಟರಲ್ಲಿ ಅನ್ನ ಆರಿ ಹೋಗಿತ್ತು.

ಇದರ ಮೇಲೆ ಬದನೆಕಾಯಿ. ಮೊದಲ ವರ್ಷ ಯಾರದೋ ಗುಡಿಸಲಿನಲ್ಲಿ ಮರ್ಯಾದೆಗೆಂದು ಎಣ್ಣೆಗಾಯಿಯನ್ನು ತಾಟಿನಲ್ಲಿ ಬಿಡದೆ ತಿಂದಿದ್ದೆ. ಪರದೇಶಿಗೆ ಬದನೆಕಾಯಿಯೆಂದರೆ ಪ್ರಾಣ ಎಂಬ ಸುದ್ದಿ ಬಯಲೆಲ್ಲ ಹಬ್ಬಿತು. ನಿಜವೋ ಸುಳ್ಳೋ ಎಂದು ಕೇಳುವ ಹಾಗಿಲ್ಲವಲ್ಲ! ಅಂದಿನಿಂದ ಪ್ರತಿ ಹಬ್ಬದಲ್ಲೂ, ಪ್ರತಿ ಗುಡಿಸಲಿನಲ್ಲೂ, ಮೂರು ಹೊತ್ತೂ ತುಂಬುಗಾಯಿ. ಬದನೆಕಾಯಿ ನನಗೆ ಹುಟ್ಟಿನಿಂದ ಆಗದು. ಗಂಟಲು ಕೆರೆದು, ತುಟಿ ಊದಿ, ಕಣ್ಣಲ್ಲಿ ನೀರು ಬರುತ್ತದೆ. ಆ ನೀರನ್ನು ಅವರು ಆನಂದಬಾಷ್ಪ ಎಂದು ತಿಳಿದು ಇನ್ನೆರಡು ಹಾಕುತ್ತಿದ್ದರು.

ಸರದಿಯಲ್ಲಿ ಕೊನೆಯ ದಿನದ ರಾತ್ರಿಯೂಟ ಯಾವಾಗಲೂ ಎಲೀಷಪ್ಪನವರದು. ಅಲ್ಲಿ ನಾನುಂಡ ಮರುಬೆಳಗ್ಗೆ ಸಭೆಯೆಲ್ಲ ಅವರ ಗುಡಿಸಲಿನಲ್ಲೇ ಸೇರಿ ಮುಕ್ತಾಯದ ಪ್ರಾರ್ಥನೆ ಮಾಡುವುದು ಪದ್ಧತಿ. ತಡವಾಗಿ ಸರದಿ ಬರುವ ಉಳಿದವರು ಸೊಪ್ಪು ಜೋತುಬಿದ್ದು, ನೀರು ಚಿಮುಕಿಸುತ್ತ ನನ್ನ ದಾರಿ ಕಾಯುತ್ತಿದ್ದರು. ನಾನು ಹೋಗಿ ಕೂತ ಮೇಲೆ ಎಲೆಗಳು ಚೇತರಿಸಿಕೊಳ್ಳುತ್ತಿದ್ದವು. ಎಲೀಷಪ್ಪನವರ ಗುಡಿಸಲಿಗೆ ಆ ಕಾಟವೇ ಇರಲಿಲ್ಲ. ನಾನು ಕಾಲಿಡದೆಯೂ ಏಳು ದಿನ ಮಿರಿಮಿರಿ ಮಿಂಚುತ್ತಿತ್ತು. ಅದು ಹಿರಿಯರ ಭಕ್ತಿಯ ಫಲವೆಂದು ಪಾಸ್ಟರು ಪ್ರಸಂಗದಲ್ಲಿ ಎರಡು ಮೂರು ಸಲ ಹೇಳಿದ್ದರು. ಎಲೀಷಪ್ಪನವರು ಅದನ್ನು ತಲೆ ತಗ್ಗಿಸಿ, ವಿನಯದಿಂದ, ಎಲ್ಲರಿಗೂ ಕಾಣುವ ಹಾಗೆ ಕೇಳಿಸಿಕೊಂಡಿದ್ದರು.

ಸರದಿ ಎಂದೂ ಸಿಗದೇ ಇದ್ದದ್ದು ಯೂನಿಕಮ್ಮ ಒಬ್ಬಳಿಗೆ. ಮಿಶನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ವಿಧವೆ. ಊರಿನ ಅರ್ಧ ಜನರ ಮೈ ಮೊದಲು ತೊಳೆದವಳು ಅವಳು, ಎಲೀಷಪ್ಪನವರನ್ನೂ ಸೇರಿಸಿ. ಎಲ್ಲರೂ ಅವಳಿಗೆ ಹುಟ್ಟಿದ ಗಳಿಗೆಯಿಂದ ಗುರುತು, ಹಾಗಾಗಿ ಅವಳ ಗುಡಿಸಲಿನ ಸೊಪ್ಪು ಕಟ್ಟಿದ ದಿನವೇ ಬಾಡುತ್ತಿತ್ತು. ಯಾರನ್ನು ಕಂಡರೂ ಏನಾದರೊಂದು ಕೇಳದಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಅವಳ ಬಾಯಿಗೆ ಪರದೇಶಿಯನ್ನು ಕೊಟ್ಟರೆ ಮುಗಿಯಿತು ಎಂದು ಸಮಿತಿ ಅವಳನ್ನು ಸರದಿಯಿಂದ ಹೊರಗಿಟ್ಟಿತ್ತು. ಅವಳ ಕುಬುಸದ ಅಳತೆಯನ್ನು ಕೂಡ ಬೇರೊಬ್ಬರ ಕೈಯಲ್ಲಿ ಕಳಿಸುವಂತೆ ಕಟ್ಟಪ್ಪಣೆಯಾಗಿತ್ತು.

ಆ ಸಲದ ಕೊನೆಯ ದಿನ ದೀಪ ಹಚ್ಚುವ ಹೊತ್ತಿಗೆ ನಾನು ಹಬ್ಬಕ್ಕೆಂದಿದ್ದ ಒಂದೇ ಅಂಗಿಯನ್ನು ಒಗೆದು ತೊಟ್ಟು ಎಲೀಷಪ್ಪನವರ ಗುಡಿಸಲಿನ ಕಡೆ ಹೊರಟೆ. ಸುವಾರ್ತಮ್ಮನವರು ಅವತ್ತು ತಮ್ಮದೇ ಒಲೆಯ ಮುಂದಿದ್ದರು. ನನ್ನ ಹಿಂದೆ ಕಾವಲು ಯಾರೂ ಇರಲಿಲ್ಲ. ದಾರಿಯಲ್ಲಿ, ನಲ್ಲಿಯ ಪಕ್ಕದ ಗುಡಿಸಲಿನಿಂದ ಯೂನಿಕಮ್ಮ ಕೂಗಿದಳು. “ಏ ತಮ್ಮಾ, ಬಾ ಇಲ್ಲೆ. ಅಂಗಿ ಗುಂಡಿ ಕಿತ್ತೈತಿ ನೋಡ್ಕೊಂಡೀಯೇನು? ಊರ ಮಂದಿಗೆಲ್ಲ ಹೊಲಿತೀದಿ.” ನೋಡಿಕೊಂಡೆ. ಎದೆಯ ಮೇಲಿನ ಗುಂಡಿ ಹಬ್ಬದ ಮೊದಲ ದಿನದಿಂದಲೂ ಇರಲಿಲ್ಲ. ಅಷ್ಟೂ ಗುಡಿಸಲುಗಳಲ್ಲಿ ಅಷ್ಟೂ ಜನ ನನ್ನೆದುರು ಕೂತಿದ್ದರು, ಒಬ್ಬರಾದರೂ ಹೇಳಿರಲಿಲ್ಲ. ಒಳಗೆ ಹೋಗಿ ಕೂತೆ. ಅವಳು ಕಣ್ಣು ಕಿರಿದು ಮಾಡಿ ಗುಂಡಿ ಹಚ್ಚಿದಳು. ನನ್ನ ಅಂಗಿಗೆ ಇನ್ನೊಬ್ಬರು ಸೂಜಿ ಹಾಕಿದ್ದು ಅವ್ವ ಹೋದ ಮೇಲೆ ಅದೇ ಮೊದಲು.

“ಇಷ್ಟ ಉಂಡ ಹೋಗು,” ಎಂದು ತಾಟು ಇಟ್ಟಳು. “ನಿನಗಂತನ ಮಾಡೀನಿ. ವರ್ಷಾ ಮಾಡ್ತೀನಿ. ನಿನ್ನ ಕಳಸಂಗಿಲ್ಲ ಅವರು, ನಾನ ತಿಂತೀನಿ.” ಮಧ್ಯಾಹ್ನ ಹೊಸದಾಗಿ ಬೇವಿನ ಟೊಂಗೆ ಹೊದಿಸಿದ್ದಳು, ಅದಕ್ಕೂ ಕಾರಣ ಅದೇ, ಒಂದು ವೇಳೆ ಪರದೇಶಿ ಬಂದರೆ ಎಂದು. ನಾನು ಒಂದು ತುತ್ತು ಬಾಯಿಗಿಟ್ಟದ್ದೇ ತಲೆಯ ಮೇಲಿನ ಬೇವು ನೀರುಂಡ ಹಾಗೆ ಹೊಳೆಯತೊಡಗಿತು. ಯೂನಿಕಮ್ಮ ಕತ್ತೆತ್ತಿ ನೋಡಿದಳು. ಹಲ್ಲಿಲ್ಲದ ಬಾಯಿ ಅಷ್ಟಗಲವಾಯಿತು. “ನಮ್ಮನಿಯವರು ಹೋದ ಮ್ಯಾಲೆ ಒಂದ ವರ್ಷನೂ ನನ್ನ ತಲಿಮ್ಯಾಲ ಹಸರ ನಿಂತಿರಲಿಲ್ಲ ನೋಡು,” ಅಂದಳು. ನನ್ನ ತಾಟಿನಲ್ಲಿ ಎರಡು ದಪ್ಪ ತುಂಬುಗಾಯಿ ಇದ್ದವು. ಮುದುಕಿಯ ಖುಷಿಗೆಂದು ಒಂದನ್ನು ಮುರಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೇಲಿನ ಹಸಿರು ನೋಡಿದಳು. ತುಟಿ ಬಿಗಿಹಿಡಿದು, ಸೆರಗಿನ ಚುಂಗನ್ನು ಬಾಯಲ್ಲಿ ತುರುಕಿಕೊಂಡಳು. ನಾನು ಇನ್ನೊಂದು ತುತ್ತು ನುಂಗಿದೆ. ಸೆರಗು ಬಾಯಿಂದ ಹೊರಗೆ ಬಂತು. “ನಿನಗ ಬದನಿಕಾಯಿ ಸೇರಂಗಿಲ್ಲ, ಹೌದಲ್ಲೋ?”

ಒಂದು ಎಲೆ ಉದುರಿ ಅನ್ನದ ಮೇಲೆ ಬಿತ್ತು. “ಹೌದಬೇ,” ಎಂದೆ, “ಗಂಟಲಾ ಕೆರೀತೈತಿ.” ಇನ್ನಷ್ಟು ಬಿದ್ದವು. ಅವಳು ಮತ್ತೊಮ್ಮೆ ಮೇಲೆ ನೋಡಿ, “ಹೋಗ್ಲಿ, ಉದರ್ಲಿ ತಗೋ” ಎಂದು ತಾಟನ್ನು ನನ್ನ ಕೈಯಿಂದ ಎಳೆದುಕೊಂಡು, ಎರಡೂ ಬದನೆಕಾಯಿ ತನ್ನ ತಾಟಿಗೆ ಹಾಕಿಕೊಂಡು, ನನಗೆ ಮೊಸರು, ಶೇಂಗಾ ಚಟ್ನಿ ಬಡಿಸಿದಳು. “ಇಷ್ಟ ವರ್ಷ ಹೆಂಗ ತಿಂದ್ಯೋ ಹುಚ್ಚಪ್ಪಾ? ಹೆಸರೇನು ನಿಂದು?” ಹೇಳಿದೆ. ಬಹಳ ದಿನ ಎಣ್ಣೆ ಕಾಣದ ಮಷೀನಿನಂತೆ ದನಿ ಸಿಕ್ಕಿಕೊಂಡು, ಎರಡನೆಯ ಸಲ ಸರಿಯಾಗಿ ಬಂತು. ಅವಳು ಅದನ್ನು ತಾನೂ ಹೇಳಿ ನೋಡಿದಳು. “ಚೊಲೋ ಐತಿ. ಯಾರಿಟ್ರು?” ಅಜ್ಜ ಇಟ್ಟದ್ದು ಎಂದೆ. ಅಜ್ಜ ಹೇಗೆ ಸತ್ತ, ಅವ್ವ ಯಾವ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಜ್ವರದಲ್ಲಿ ಗಂಜಿಗೆ ಉಪ್ಪು ಹೆಚ್ಚಾಗಿತ್ತೇ, ಎಲ್ಲ ಕೇಳಿದಳು. ಎಲ್ಲ ಹೇಳಿದೆ. ಬೇವಿನೆಲೆ ಮೊಸರಿನಲ್ಲಿ, ಕೊಡದಲ್ಲಿ, ಅವಳ ಬಿಳಿ ತಲೆಯ ಮೇಲೆ ಉದುರುತ್ತಲೇ ಇತ್ತು. ಮುಗಿಯುವ ಹೊತ್ತಿಗೆ ಮೇಲೆ ಬರೀ ಕಡ್ಡಿಗಳಿದ್ದವು, ಅದರಾಚೆ ಚುಕ್ಕಿಗಳು. ನಾನು ತಾಟಿನ ಮುಂದೆ ಕೂತು ಅತ್ತುಬಿಟ್ಟೆ. ಬದನೆಕಾಯಿಯಿಲ್ಲದೆ ಕಣ್ಣೀರು ಬಂದದ್ದು ಈ ಊರಿನಲ್ಲಿ ಅದೇ ಮೊದಲು. ಎಲೀಷಪ್ಪನವರ ನೆನಪೇ ನನಗಾಗಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋದೆ.

ಎಲೀಷಪ್ಪನವರು ಕಾದರಂತೆ. ಕಾದು ಕಾದು, ಗುಡಿಸಲಿನ ಪರದೆ ಇಳಿಬಿಟ್ಟು, ಪರದೇಶಿ ಬೇಗ ಬಂದು ಉಂಡು ಹೋದರೆಂದು ಅಕ್ಕಪಕ್ಕದವರಿಗೆ ಹೇಳಿದರಂತೆ. ಮಾನವಂತರು, ಇನ್ನೇನು ಮಾಡಿಯಾರು.

ಬೆಳಗ್ಗೆ ಸಭೆಯೆಲ್ಲ ಪದ್ಧತಿಯಂತೆ ಅವರ ಗುಡಿಸಲಿನಲ್ಲಿ ಕಿಕ್ಕಿರಿದು ಸೇರಿತ್ತು. ನಾನೂ ಯೂನಿಕಮ್ಮನೂ ಬಾಗಿಲ ಹತ್ತಿರ ನಿಂತೆವು. ಪಾಸ್ಟರು ಬಾಯಿ ತೆರೆಯುವ ಮೊದಲೇ ಎಲೀಷಪ್ಪನವರು ಎದ್ದರು. “ಪ್ರಾರ್ಥನಾಕ್ಕ ಮೊದಲ ಒಂದ ಮಾತು. ನಿನ್ನಿ ಮಧ್ಯಾಹ್ನ ಹೊದಿಸಿದ ಯೂನಿಕಮ್ಮನ ಬೇವಿನ ತಪ್ಪಲಾ ಒಂದ ರಾತ್ರಿಯೊಳಗ ಪೂರಾ ಉದರೈತಿ. ಪರದೇಶಿಯವರನ್ನ ಏನೋ ಕೇಳ್ಯಾಳ ಇಕಿ. ಊರಿಗೆ ಇದ್ದಾವ ಒಬ್ಬ ಪರದೇಶಿ, ಅವನ್ನೂ ಕೆಡಿಸಿದ್ಲು. ಮುಂದಿನ ವರ್ಷ ನಾವೇನ ಮಾಡೂನು?” ಗುಡಿಸಲಿನಲ್ಲಿ ಹಾಹಾಕಾರವೆದ್ದಿತು. ನಾಲ್ಕು ಜನ ನನ್ನ ಕಡೆ ನೋಡಬಾರದೆಂದು ಆಗಲೇ ಕಣ್ಣು ಮುಚ್ಚಿಕೊಂಡಿದ್ದರು.

“ಹೌದು, ಕೇಳೀನಿ,” ಅಂದಳು ಯೂನಿಕಮ್ಮ. “ಹೆಸರ ಕೇಳೀನಿ, ಹೇಳ್ಯಾನ.” ಜನ ಕಿವಿ ಮುಚ್ಚಿಕೊಂಡರು, ಎಲ್ಲಿ ಅವಳು ಅದನ್ನು ಹೇಳಿಬಿಡುತ್ತಾಳೋ ಎಂದು.

“ಯಾವಾಗ ಕೇಳ್ದಿ?” ಎಂದು ಪಾಸ್ಟರು ಬೇಸರದಿಂದ ಕೇಳಿದರು.

“ನಿನ್ನಿ ರಾತ್ರಿ ಊಟದಾಗ. ನನ್ನ ಗುಡಿಸಲದಾಗ ಉಂಡು ಅಲ್ಲೇ ಮಲಗ್ಯಾನ.”

ಪಾಸ್ಟರು ನಿಧಾನವಾಗಿ ಯೋಚಿಸುವ ಮನುಷ್ಯ. ಅವರ ಮುಖದಲ್ಲಿ ಆ ಯೋಚನೆ ಒಂದೊಂದೇ ಮೆಟ್ಟಿಲು ಹತ್ತುವುದು ಎಲ್ಲರಿಗೂ ಕಾಣುತ್ತಿತ್ತು. “ನಿನ್ನಿ ರಾತ್ರಿ ಊಟ… ಎಲೀಷಪ್ಪನವರಲ್ಲಿ ಅಲ್ಲೇನು?” ಎಂದು ನನ್ನ ಕಡೆ ತಿರುಗಿದರು. ನಾನು, “ಇಲ್ರಿ ಅಯ್ಯಾರ. ಈ ವರ್ಷ ನಾ ಇಲ್ಲಿ ಉಂಡಿಲ್ರಿ. ಈ ಗುಡಿಸಲದಾಗ ಕಾಲ ಇಟ್ಟಿದ್ದ ಈಗ,” ಎಂದೆ.

ಕಿವಿ ಮುಚ್ಚಿಕೊಂಡಿದ್ದವರೂ ಇದನ್ನು ಕೇಳಿಸಿಕೊಂಡರು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಕತ್ತೆತ್ತಿ ಮೇಲೆ ನೋಡಿದರು. ಹೊಂಗೆಯ ಸೊಪ್ಪು ಈಗ ತಾನೆ ಮರದಿಂದ ಇಳಿಸಿದ ಹಾಗಿತ್ತು. ಒಂದು ಟೊಂಗೆ ಎಳೆ ಚಿಗುರನ್ನೂ ಬಿಟ್ಟಿತ್ತು. ಆ ಏಳು ದಿನ ಅದರ ಕೆಳಗೆ ಉಂಡು ಮಲಗಿದವರು ಗಂಡ ಹೆಂಡತಿ ಇಬ್ಬರೇ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿ ಎಷ್ಟೋ ಕಾಲವಾಗಿತ್ತು.

“ಇದು ಭಕ್ತಿದು…” ಎಂದು ಎಲೀಷಪ್ಪನವರು ಶುರುಮಾಡಿದರು. ಯಾರೂ ಆಮೆನ್ ಅನ್ನಲಿಲ್ಲ.

“ಎಲೀಷಾ,” ಅಂದಳು ಯೂನಿಕಮ್ಮ, ಮೈ ತೊಳೆದ ಸಲಿಗೆಯಿಂದ. “ನಿನ್ನ ಹೇಂತಿಗೆ ಏನ ಸೇರಂಗಿಲ್ಲ, ಹೇಳು ನೋಡೂನು.”

ಎಲೀಷಪ್ಪನವರು ಹೆಂಡತಿಯ ಕಡೆ ನೋಡಿದರು. ಅಳತೆ ಕೊಡುವಾಗ ಎಂದೂ ಹೊಟ್ಟೆ ಒಳಗೆಳೆದುಕೊಳ್ಳದ ಮನುಷ್ಯ ಅಂದು ಎಲ್ಲವನ್ನೂ ಒಳಗೆಳೆದುಕೊಂಡು ನಿಂತಂತೆ ಕಂಡರು. “ಅಕಿಗೆ… ಅಕಿಗೆ ಎಲ್ಲಾ ಸೇರತೈತಿ,” ಅಂದರು. ಮೇಲೆ ಒಂದು ಎಲೆಯೂ ಅಲುಗಲಿಲ್ಲ.

ಸುವಾರ್ತಮ್ಮನವರು ಸೋಫಾದಿಂದ ಎದ್ದು ಸೆರಗು ಸರಿಮಾಡಿಕೊಂಡರು. ಗಾಯನ ಮಂಡಳಿಯ ಹೆಂಗಸರು ಕೀರ್ತನೆ ಶುರುವಾಗುತ್ತದೆಂದು ತಾವೂ ಎದ್ದು ನಿಂತರು. “ನನಗ ಹಾಡೂದು ಸೇರಂಗಿಲ್ಲ,” ಅಂದರು ಸುವಾರ್ತಮ್ಮನವರು. ಮಾತಿನ ದನಿ ತಗ್ಗಿನದು, ಸ್ವಲ್ಪ ಗೊಗ್ಗರು, ನಮಗಾರಿಗೂ ಪರಿಚಯವಿಲ್ಲದ್ದು. “ಮೊದಲಿಂದನೂ ಸೇರಂಗಿಲ್ಲ. ಲಗ್ನಾದ ವರ್ಷ ಒಂದ ಸಲ ಹಾಡಂದ್ರು, ಹಾಡಿದೆ. ಆಮ್ಯಾಲೆ ಯಾರೂ ಕೇಳಲಿಲ್ಲ.” ಹೊಂಗೆಯ ಎಲೆಯೊಂದು ನಿಧಾನವಾಗಿ ಇಳಿದು ಬಂದು ಎಲೀಷಪ್ಪನವರ ಹೆಗಲ ಮೇಲೆ ಕೂತಿತು. ಅವರು ಅದನ್ನು ಝಾಡಿಸಲಿಲ್ಲ. ಹೆಂಡತಿಯನ್ನು ಹೊಸಬರನ್ನು ನೋಡುವ ಹಾಗೆ ನೋಡಿ, “ಮತ್ತ… ಮತ್ತೇನ ಸೇರಂಗಿಲ್ಲ?” ಎಂದು ಕೇಳಿದರು. ಸುವಾರ್ತಮ್ಮನವರು ಸೋಫಾದ ಮೇಲೆ ಆರಾಮವಾಗಿ ಕೂತು ಯೋಚಿಸಿ, ಒಂದೊಂದೇ ಹೇಳತೊಡಗಿದರು. ನಾವೆಲ್ಲ ಒಬ್ಬೊಬ್ಬರಾಗಿ ಹೊರಗೆ ಜಾರಿಕೊಂಡೆವು. ಮುಕ್ತಾಯದ ಪ್ರಾರ್ಥನೆ ಆ ವರ್ಷ ಆಗಲಿಲ್ಲ. ಆ ಗುಡಿಸಲಿನಲ್ಲಿ ಮಧ್ಯಾಹ್ನದವರೆಗೂ ಎಲೆ ಉದುರಿತು.

ಈಗ ಇನ್ನೊಂದು ಹಬ್ಬ ಕಳೆದಿದೆ. ಈ ವರ್ಷ ಹಸಿರಾಗಿ ಉಳಿಯುವುದೇ ನಾಚಿಕೆಗೇಡು. ಯಾರ ಗುಡಿಸಲಾದರೂ ಮೂರನೆಯ ದಿನಕ್ಕೆ ಹಸಿರಾಗಿದ್ದರೆ ಪಕ್ಕದವರು ಒಳಗೆ ಬಗ್ಗಿ ನೋಡಿ, “ಎಲ್ಲಾ ಚಲೋ ಅದೀರಲ್ರಿ?” ಎಂದು ಕೇಳುತ್ತಿದ್ದರು. ಹೀಗಾಗಿ ಕೆಲವರು ಯಾರೂ ನೋಡದಾಗ ತಾವೇ ಎಲೆ ತರಿದು ಹಾಕುತ್ತಾರೆಂದು ಗುಮಾನಿ. ಕರೆಂಟಿನ ಮೀಟರು ನೋಡಲು ಬಂದ ಹೊಸಬನನ್ನು ಬಯಲಿನಲ್ಲಿ ಸುತ್ತುಗಟ್ಟಿ ಹೆಸರು, ಕುಲ, ಪಗಾರ, ಬದನೆಕಾಯಿ ಎಲ್ಲ ವಿಚಾರಿಸಲಾಗಿ, ಅವನೂ ಅದೇ ಗೋಡೆ ಹಾರಿ ಓಡಿದ. ಬಿಸಿಲಿಗೆ ಎಲ್ಲರ ಮೂಗೂ ಸುಲಿದಿತ್ತು. ನನ್ನನ್ನು ಊಟಕ್ಕೆ ಕರೆದವರು ಕಡಿಮೆ. ಕರೆಯುವ ಜರೂರು ಯಾರಿಗೂ ಇಲ್ಲವಲ್ಲ. ಅಂಗಡಿಗೆ ಬಂದವರು ಯಾರ ಪೈಕಿ, ಎಷ್ಟು ದುಡಿಮೆ, ಇನ್ನೂ ಯಾಕೆ ಮದುವೆಯಿಲ್ಲ ಎಂದು ಜೀವ ಹಿಂಡುತ್ತಾರೆ. ಕೆಲವೊಮ್ಮೆ ಕತ್ತರಿ ಎಸೆದು ಓಡಿಹೋಗೋಣ ಅನಿಸುತ್ತದೆ. ಎಲೀಷಪ್ಪನವರು ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಸುವಾರ್ತಮ್ಮನವರು ಹಾಡುವುದು ಬಿಟ್ಟು ಭಟ್ಟಿಯ ವ್ಯವಹಾರ ನೋಡಿಕೊಳ್ಳುತ್ತಿದ್ದಾರೆ. ಗಂಡನಿಗೆ ಬೇಕಾದಷ್ಟು ಬಿಡುವು. ಬಂದಾಗಲೆಲ್ಲ ನನಗೇನು ಸೇರುತ್ತದೆ ಎಂದು ಕೇಳುತ್ತಾರೆ, ಮತ್ತೆ ಮರೆಯುತ್ತಾರೆ. ರೂಢಿಯಿಲ್ಲ, ಪಾಪ.

ಸ್ಮಶಾನದ ಆ ಕಲ್ಲನ್ನು ಏನು ಮಾಡುವುದೆಂದು ಸಮಿತಿ ತಲೆ ಕೆಡಿಸಿಕೊಂಡಿತ್ತು. ಯೂನಿಕಮ್ಮ ಒಂದು ಗಾಡಿ ಕರೆದು ತಂದು ಅದನ್ನು ಹೇರಿಕೊಂಡು ಹೋಗಿ, ತನ್ನ ಬಚ್ಚಲ ಮುಂದೆ ಅಕ್ಷರ ಕೆಳಗೆ ಮಾಡಿ ಹಾಕಿಸಿಕೊಂಡಿದ್ದಾಳೆ. ಅರಿವೆ ಒಗೆಯಲು ಬಲು ಅನುಕೂಲವಂತೆ. ನಿನ್ನೆ ಬಜಾರದ ದಿನ. ಬೀದಿ ತುಂಬ ಜನ. ಅವಳು ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ರಸ್ತೆ ದಾಟುವ ತ್ರಾಸು ಯಾಕೆಂದು ಅಲ್ಲಿಂದಲೇ, ಆ ಬೀದಿಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿದಳು. “ಅಡಿವೆಪ್ಪಾ! ಏ ಅಡಿವೆಪ್ಪಾ! ನನ್ನ ಕುಬಸ ಹೊಲದೀಯೋ ಇಲ್ಲೋ?”

ಕುಬುಸ ಹೊಲಿದು, ಮಡಿಚಿ, ಕಾಗದದಲ್ಲಿ ಸುತ್ತಿಟ್ಟು ಆಗಲೇ ಎಷ್ಟೋ ದಿನವಾಗಿತ್ತು. ಇನ್ನೂ ಆಗಿಲ್ಲ, ನಾಳೆ ಬಾ ಅಂದೆ.